ಎರಡು ಎಂದು ಬರೆಯಲಾಗದವನು

ನೇರಳೆ ಸ್ಕೆಚ್ ಪೆನ್ನಿನ ವಾಸನೆ ನಿಮಗೂ ಗೊತ್ತಿರಬೇಕು. ಸ್ವಲ್ಪ ಸಿಹಿ, ಸ್ವಲ್ಪ ಸ್ಪಿರಿಟ್ಟು. ಇವತ್ತು ತಾರ್ನಾಕದ ಮತಗಟ್ಟೆಯಲ್ಲಿ ಅಂಥದೊಂದನ್ನು ಕೈಗಿತ್ತರು. ಪದವೀಧರರ ವಿಧಾನ ಪರಿಷತ್ ಚುನಾವಣೆಯಲ್ಲಿ ಗುಂಡಿ ಒತ್ತುವಂತಿಲ್ಲ. ಹೆಸರುಗಳ ಮುಂದೆ ಇಷ್ಟದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಬರೆಯಬೇಕು. ಒಂದು ಬರೆದೆ. ಎರಡಕ್ಕೆ ಕೈ ನಿಂತಿತು. ಮನಸ್ಸು ನಾನು ಬೆಳೆದ ಬಾಲಾನಗರಕ್ಕೆ ಹೊರಟುಹೋಯಿತು.

ಆ ತೆಲುಗು ನೆಲದಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನ ತುದಿಯಲ್ಲಿ ನಮ್ಮ ಕನ್ನಡ ಸಂಘಕ್ಕೊಂದು ಕೋಣೆಯಿತ್ತು. ಕಿಟಕಿಗೆ ಒರಗಿದ ಬೇವಿನ ಮರ, ದೂರದಲ್ಲೆಲ್ಲೋ ಲೇತ್ ಯಂತ್ರಗಳ ಜೋಗುಳ. ಭಾನುವಾರ ಗುರಪ್ಪ ಕಾಕಾ ಅಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಕಾಕಾ ಅಪ್ಪನ ಜೊತೆಗೆ ಕೆಲಸ ಮಾಡುತ್ತಿದ್ದವರು. ನನ್ನ ಕೈ ಹಿಡಿದು ಬರೆಸಿದವರೂ ಅವರೇ. ಮಕ್ಕಳೆಲ್ಲ ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರವು. ಅವರು ಎದ್ದುಹೋದ ಮೇಲೆ ನೆಲದ ತುಂಬ ಸಿಮೆಂಟಿನ ಪುಟ್ಟ ಪುಟ್ಟ ಹೆಜ್ಜೆಗಳು ಉಳಿಯುತ್ತಿದ್ದವು. ಇಂದಿಗೂ ಕಣ್ಣು ಮುಚ್ಚಿದರೆ ಅವು ಕಾಣುತ್ತವೆ.

ಒಂದು ವರ್ಷ ಸಂಘದ ಅಧ್ಯಕ್ಷಗಿರಿಗೆ ಮೂವರು ನಿಂತರು. ಪಾಟೀಲರಿಗೆ ಆ ಕೋಣೆಯಲ್ಲಿ ಕೇರಂ ಕ್ಲಬ್ಬು ಆಗಬೇಕಿತ್ತು. ಕಾಕಾ ಮತ್ತು ನಮ್ಮ ಪಕ್ಕದ ಮನೆಯ ಶರಣಮ್ಮ ಕಾಕಿ ಇಬ್ಬರೂ ಶಾಲೆ ಉಳಿಯಬೇಕೆನ್ನುವವರು. ಆದರೂ ಇಬ್ಬರೂ ನಿಂತರು. ನಾವು ಕನ್ನಡಿಗರು ಮೂವರಿದ್ದರೆ ನಾಲ್ಕು ಸಂಘ ಕಟ್ಟುವ ಜನ, ಬಿಡಿ. ಪಾಟೀಲರಿಗೆ ಹದಿನೈದು, ಕಾಕಾಗೆ ಹದಿಮೂರು, ಕಾಕಿಗೆ ಹನ್ನೊಂದು ಮತ ಬಿದ್ದವು.

"ಇಪ್ಪತ್ನಾಕು ಮಂದಿ ಸಾಲಿ ಬೇಕಂದ್ರು, ಹದಿನೈದು ಮಂದಿ ಗೆದ್ರು. ಇದೆಂಥಾ ಲೆಕ್ಕರೀ?" ಎಂದರು ಕಾಕಾ.

ಪಾಟೀಲರು ಕೆಟ್ಟವರಲ್ಲ. "ಸಾಲಿ ಇನ್ನೊಂದು ವರ್ಸ ನಡೀಲಿ ತಗೋರಿ, ಮುಂದಿನ ಚುನಾವಣೆದಾಗ ನೋಡೋಣು" ಎಂದರು. ಆ ವರ್ಷವಿಡೀ ಕಾಕಾ ಲೋಕದ ಚುನಾವಣೆಗಳನ್ನೆಲ್ಲ ಓದಿದರು. ಬೇವಿನ ನೆರಳಲ್ಲಿ ಚಹಾ ಆರುತ್ತಿದ್ದರೆ ಅವರು ದೇಶ ಸುತ್ತುತ್ತಿದ್ದರು.

"ಆಸ್ಟ್ರೇಲಿಯಾದಾಗ ನಂಬರ್ ಬರೀತಾರ. ಜರ್ಮನಿಯಾಗ ಒಬ್ಬೊಬ್ಬರಿಗೆ ಎರಡು ವೋಟು, ಒಂದು ಮನುಷ್ಯಾಗ, ಒಂದು ಪಕ್ಷಕ್ಕ. ನಮ್ಮ ರಾಷ್ಟ್ರಪತಿನ್ನೂ ನಂಬರ್ ಮ್ಯಾಲೇ ಆರಿಸ್ತಾರೋ ತಮ್ಮಾ. ನಾವ್ಯಾಕ ಒಂದೇ ಠಸ್ಸೆ ಹೊಡದು ಸುಮ್ಮನ ಕೂಡಬೇಕು?"

ಸಂಘ ಒಪ್ಪಿತು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಕಡೆಯವರು ಕಳಚಿಕೊಳ್ಳುತ್ತಾರೆ, ಅವರ ಚೀಟಿಗಳು ಅವುಗಳಲ್ಲಿ ಬರೆದ ಎರಡನೆಯ ಹೆಸರಿಗೆ ಹೋಗುತ್ತವೆ. ಇಬ್ಬರಿಗೆ ಒಂದೇ ಅಂಕಿ ಬರೆದರೆ ಚೀಟಿ ಕುಲಗೆಟ್ಟಿತು, ಎಣಿಕೆಗೆ ಬಾರದು. ಇದನ್ನು ಮನೆಮನೆಗೆ ಹೋಗಿ ತಿಳಿಹೇಳಿದವನು ನಾನೇ. ಹೊಸ ಪದವೀಧರ, ಕೇಳಬೇಕೆ? ಮೂವತ್ತೊಂಬತ್ತು ಸದಸ್ಯರಿಗೂ ಪಾಠ ಮಾಡಿದೆ.

ಈ ಸಲವೂ ಅದೇ ಮೂವರು ನಿಂತರು. ಮತದ ದಿನ ಚೀಟಿಯ ಮೇಲೆ ಕಾಕಾ ಮತ್ತು ಕಾಕಿಯ ಹೆಸರುಗಳು ಒಂದರ ಕೆಳಗೊಂದು ಕೂತಿದ್ದವು. ಅಕ್ಷರ ಕೊಟ್ಟವರೊಬ್ಬರು, ಜ್ವರ ಬಂದಾಗಲೆಲ್ಲ ಗಂಜಿ ಕುಡಿಸಿದವರೊಬ್ಬರು. ಯಾರನ್ನು ಎರಡು ಎನ್ನಲಿ? ಮದುವೆಮನೆಯಲ್ಲಿ ಹಿರಿಯರನ್ನು ಎರಡನೇ ಪಂಕ್ತಿಗೆ ಕೂಡಿಸಿದ ಹಾಗಾಗುತ್ತದೆ. ಊರಿಗೆಲ್ಲ ಬುದ್ಧಿ ಹೇಳಿದ ನಾನು ಇಬ್ಬರ ಮುಂದೆಯೂ ದುಂಡಗೆ ೧ ಬರೆದು ಬಂದೆ.

ಎಲ್ಲರೆದುರು ಎಣಿಕೆಯಾಯಿತು. ಕಾಕಾ ಒಂದು ಚೀಟಿ ಎತ್ತಿ ಗಳಿಗೆ ನೋಡಿದರು. "ಯಾರೋ ಭಾಳ ಒಳ್ಳೆ ಮನಷ್ಯಾ" ಎಂದು ನಕ್ಕು ಪಕ್ಕಕ್ಕಿಟ್ಟರು. ವರ್ಷವಿಡೀ ಶಾಲೆಗೆ ಕೋಣೆ ಬಿಟ್ಟುಕೊಟ್ಟ ಪಾಟೀಲರಿಗೆ ಈ ಸಲ ನಾಲ್ಕು ಮತ ಹೆಚ್ಚು ಬಿದ್ದಿದ್ದವು. ಕಾಕಿಯ ಮತಗಳೆಲ್ಲ ಕಾಕಾಗೆ ಸೇರಿದ ಮೇಲೆ ಎರಡು ಕಡೆಯೂ ಹತ್ತೊಂಬತ್ತು. ಹೆಸರಿನ ಚೀಟಿ ಎತ್ತಿಸಿದರು. ಎತ್ತಿದವರು ಕಾಕಿಯೇ, ಬಂದದ್ದು ಪಾಟೀಲರ ಹೆಸರು.

ಮುಂದಿನ ಭಾನುವಾರ ಮಕ್ಕಳು ಬಂದು ಕೇರಂ ಕಾಯಿಗಳ ಸದ್ದು ಕೇಳುತ್ತ ಬಾಗಿಲಲ್ಲಿ ನಿಂತರು, ಹೋದರು. ನನಗೆ ನಾಚಿಕೆಯಾಗಿತ್ತು. ಯಾರಿಗೂ ಹೇಳಲಿಲ್ಲ.

ಇಷ್ಟು ವರ್ಷಗಳ ಮೇಲೆ ಇವತ್ತು ಮತಗಟ್ಟೆಯಿಂದ ಹೊರಗೆ ಬಂದವನೇ ಮಣಿಕೊಂಡದಲ್ಲಿ ಮಗಳ ಮನೆಯಲ್ಲಿರುವ ಕಾಕಾಗೆ ಫೋನು ಹಚ್ಚಿದೆ. ಎಲ್ಲವನ್ನೂ ಹೇಳಿಬಿಟ್ಟೆ.

"ಗೊತ್ತಿತ್ತೋ. ನಿನ್ನ ೧ಕ್ಕ ಬಾಲ ಉದ್ದ. ನಾನೇ ಕಲಿಸಿದ್ದಲ್ಲೇನು?"

"ಮತ್ತ ಅವತ್ತ ಯಾಕ ಹೇಳಲಿಲ್ಲ ಕಾಕಾ? ಚೀಟಿ ತಿದ್ದಿ ಕೊಡ್ತಿದ್ದೆ, ಸಾಲಿ ಉಳೀತಿತ್ತಲ್ಲ!"

"ಹೆಂಗ ಹೇಳಲೋ? ವೋಟು ಗುಪ್ತ ಇರಬೇಕಲ್ಲ."

ಆ ಕಡೆ ಕಾಕಾ ಕೆಮ್ಮಿ, ದನಿ ಸರಿಮಾಡಿಕೊಂಡು ಕೇಳಿದರು: "ಇವತ್ತರೆ ಎರಡು ಬರದಿಯೇನು?"

"ಬರದೆ ಕಾಕಾ. ಮೂರೂ ಬರದೆ."