ಭಾತಂಬ್ರಾದಲ್ಲಿ ಮೂರು ತಾಸಿನ ನಿದ್ದೆ

ನನ್ನ ಅಣ್ಣ ಮನ್ಮಥಪ್ಪ ಮೂವತ್ಮೂರು ವರ್ಷ ಬೀದರ–ಔರಾದ ನಡುವೆ ಸರ್ಕಾರಿ ಬಸ್ಸು ಓಡಿಸಿದವನು. ರಜೆ ಸಿಕ್ಕರೆ ಅದೇ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದ. "ಡ್ರೈವರ್‌ಸಾಬ, ಬಸ್ಸಿಗಿ ಡೀಸೆಲ್ ಇಲ್ಲೇನ್ರಿ?" ಎಂದು ಕಟ್ಟೆಯ ಮೇಲೆ ಕೂತವರು ಕಾಡಿಸಿದರೆ, "ಇಷ್ಟ ದಿನ ನಿಮ್ಮನ್ನ ನೋಡ್ದೆ, ಈಗ ಊರು ನೋಡ್ತೇನಿ" ಎನ್ನುತ್ತಿದ್ದ. ಹುಚ್ಚು ಅಂದರೆ ಹುಚ್ಚೇ. ನಿವೃತ್ತಿಯಾದ ಮೇಲೆ ಬೀದರಿನ ಗೆಳೆಯ ಖಾಲಿದನ ಜೊತೆ ಗೋವಾಕ್ಕೆ ಹೋದ, ಆಮೇಲೆ ಗಡಿ ದಾಟಿ ನೇಪಾಳದ ಪೋಖರಾದವರೆಗೂ ತುಳಿದು ಬಂದ. ಅಲ್ಲಿಂದ ನನಗೆ ತಂದದ್ದು ಒಂದು ಉಣ್ಣೆಯ ಟೋಪಿ. ಈ ಬಿಸಿಲಿನಲ್ಲಿ ಅದನ್ನು ಇಟ್ಟುಕೊಂಡು ನಾನೇನು ಮಾಡಲಿ, ಹೇಳಿ.

ನಾನು ಈಶ್ವರಿ. ಅವನಿಗಿಂತ ಆರು ವರ್ಷ ಚಿಕ್ಕವಳು, ಭಾಲ್ಕಿ ಹತ್ತಿರದ ಭಾತಂಬ್ರಾಕ್ಕೆ ಕೊಟ್ಟ ಹೆಣ್ಣು. ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಬರೆಯುವಾಗಲೂ ಸಿಟ್ಟೇ ಬರುತ್ತಿದೆ, ಆದರೆ ನನ್ನ ಮೇಲೆಯೇ.

ಅಣ್ಣನಿಗಿದ್ದ ಆಸೆ ಒಂದೇ. ನಾಲ್ಕು ವರ್ಷಕ್ಕೊಮ್ಮೆ ಫ್ರಾನ್ಸಿನಲ್ಲಿ ಸಾವಿರದಿನ್ನೂರು ಕಿಲೋಮೀಟರಿನ ಸೈಕಲ್ ಯಾತ್ರೆ ನಡೆಯುತ್ತದಂತೆ. ಅಲ್ಲಿಗೆ ಹೋಗಬೇಕಾದರೆ ಆ ವರ್ಷವೇ ಇಲ್ಲಿ ಇನ್ನೂರು, ಮುನ್ನೂರು, ನಾನೂರು, ಆರುನೂರು ಕಿಲೋಮೀಟರುಗಳನ್ನು ಗೊತ್ತಾದ ಅವಧಿಯೊಳಗೆ ತುಳಿದಿರಬೇಕು. ದಾರಿಯಲ್ಲಿ ಅಲ್ಲಲ್ಲಿ ಸವಾರನ ಕಾರ್ಡಿಗೆ ಠಸ್ಸೆ ಒತ್ತಿ ವೇಳೆ ಬರೆಯುತ್ತಾರೆ. ಒಂದು ಕಡೆ ತಡವಾದರೂ ಅಷ್ಟೂ ಸವಾರಿ ನೀರಿನಲ್ಲಿ ಹೋಮ. 2019ರಲ್ಲಿ ಅವನಿಗೆ ಡ್ಯೂಟಿಯಿಂದ ರಜೆ ಸಿಗಲಿಲ್ಲ. 2023ರ ಹೊತ್ತಿಗೆ ಮಂಡಿ ಸವೆದಿತ್ತು. "ಈ ವರ್ಷ ತುಳೀರಿ, ಆಮ್ಯಾಲ ಆಪರೇಶನ್ನೇ" ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮುಂದಿನ ಸಲ ಎಂಬುದು ಅವನಿಗೆ ಇರಲಿಲ್ಲ. ಪಾಸ್‌ಪೋರ್ಟ್ ತಯಾರಿತ್ತು. ಫೋನಿನಲ್ಲಿ ಮೂರು ಫ್ರೆಂಚ್ ಮಾತು ಕಲಿತು, ನಾನು ನೀರು ಕೊಟ್ಟರೂ "ಮೆರ್ಸಿ" ಎನ್ನುತ್ತಿದ್ದ.

ಮೂರು ಸವಾರಿ ಮುಗಿಸಿದ. ಉಳಿದದ್ದು ಏಪ್ರಿಲ್ಲಿನ ಆರುನೂರು. ಬೀದರಿನಿಂದ ಮಹಾರಾಷ್ಟ್ರ ಸುತ್ತಿ, ನಮ್ಮೂರ ಮೇಲೆ ಹಾದು, ಭಾಲ್ಕಿ, ಔರಾದ ದಾಟಿ ಮತ್ತೆ ಬೀದರ. ನಲವತ್ತು ತಾಸಿನ ಗಡುವು. ಅದಕ್ಕೂ ಮೊದಲು ಎಷ್ಟೋ ಸಲ ಅವನು ನನ್ನ ಬಾಗಿಲ ಮುಂದೆಯೇ ಸೈಕಲ್ ಗಂಟೆ ಬಾರಿಸಿ, ಇಳಿಯದೇ ಹೋಗಿದ್ದ. ಈ ಸವಾರಿಯ ಹಿಂದಿನ ವಾರ ಫೋನಿನಲ್ಲಿ ಜಗಳ ತೆಗೆದೆ. "ತವರಿನವ್ರು ಬಾಗಲಾ ದಾಟಿ ಹೋದ್ರ ಓಣಿ ಮಂದಿ ಏನಂತಾರ? ಈ ಸಲ ಉಣ್ಣದ ಹೋದಿ ಅಂದ್ರ ನಾ ಸತ್ತಂಗ ತಿಳಕೊ" ಎಂದೆ.

ಬಂದ. ಎರಡನೆಯ ದಿನ ಮಧ್ಯಾಹ್ನ ಒಂದಕ್ಕೆ, ಐನೂರು ಕಿಲೋಮೀಟರ್ ತುಳಿದು ಬಂದ. ಹುಗ್ಗಿ ಮಾಡಿದ್ದೆ, ಮೇಲೆ ತುಪ್ಪ, ಹಾಲು. ನಮ್ಮಲ್ಲಿ ಬೇಡ ಅಂದ ಮೇಲೂ ಎರಡು ಸಲ ಬಡಿಸದಿದ್ದರೆ ಅದು ಊಟವೇ ಅಲ್ಲ. ಬಡಿಸಿದೆ. ಅವನು ಉಂಡು ಚಾಪೆಯ ಮೇಲೆ ಅಡ್ಡಾದ.

"ಇಪ್ಪತ್ತ ಮಿನಿಟ ಅಷ್ಟೇ. ಫೋನ್ ಬಡೀತದ, ನೀನೂ ಎಬ್ಬಸು. ಠಸ್ಸಿಗಿ ಏಳರೊಳಗ ಔರಾದ ಮುಟ್ಟಬೇಕು."

ಫೋನು ಬಡಿಯಿತು. ಅವನು ಅಲುಗಲಿಲ್ಲ. ಪಾದಗಳು ಬಾತಿದ್ದವು, ಅಂಗಿಯ ಮೇಲೆ ಬೆವರು ಒಣಗಿ ಉಪ್ಪಾಗಿತ್ತು. ಇನ್ನೊಂದು ಅರ್ಧ ತಾಸು ಮಲಗಲಿ, ಸೈಕಲ್ ಎಲ್ಲಿ ಓಡಿ ಹೋಗುತ್ತದೆ ಎಂದುಕೊಂಡು ಫೋನು ಬಂದ್ ಮಾಡಿದೆ. ಉಂಡು ಮಲಗಿದವರನ್ನು ಎಬ್ಬಿಸುವ ರೂಢಿ ನಮ್ಮ ಮನೆಯಲ್ಲಿಲ್ಲ. ಅವ್ವ ಬಾಗಿಲಿಗೆ ಬಂದ ಬೀಗರನ್ನೂ ಕಟ್ಟೆಯ ಮೇಲೆ ಕೂರಿಸುತ್ತಿದ್ದಳು, ಮಲಗಿದ ಅಪ್ಪನನ್ನು ಎಬ್ಬಿಸುತ್ತಿರಲಿಲ್ಲ. ಮೂರು ಸಲ ಹತ್ತಿರ ಹೋದೆ, ಮೂರು ಸಲವೂ ಮನಸ್ಸಾಗದೆ ತಿರುಗಿ ಬಂದೆ. ಬಸ್ಸು ಓಡಿಸಿದವನಿಗೆ ವೇಳೆ ಗೊತ್ತಿರುವುದಿಲ್ಲವೇ, ತಾನೇ ಏಳುತ್ತಾನೆ ಎಂದು ಸಮಾಧಾನ ಹೇಳಿಕೊಂಡೆ. ಮಕ್ಕಳಿಗೆ ಬುದ್ಧಿ ಹೇಳುವ ಬಾಯಿ ಇದು, ಬೆಂಕಿ ಹಾಕಬೇಕು ಇದಕ್ಕೆ.

ಎದ್ದಾಗ ನಾಲ್ಕೂವರೆ. ಗೋಡೆಯ ಗಡಿಯಾರ ನೋಡಿದ, ಆಮೇಲೆ ನನ್ನನ್ನು ನೋಡಿದ.

"ಯಾಕ ಎಬ್ಬಸಲಿಲ್ಲವ್ವಾ?"

ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. ಬೂಟಿನ ದಾರ ಕಟ್ಟಲು ಕೂತ. ನಾನು ಕಟ್ಟಲು ಬಗ್ಗಿದರೆ ಕಾಲು ಹಿಂದಕ್ಕೆ ಎಳೆದುಕೊಂಡ.

ಔರಾದಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಠಸ್ಸೆ ಹಿಡಿದು ಕೂತಿದ್ದವನು ಖಾಲಿದನೇ. ನಡೆದದ್ದನ್ನು ಅವನೇ ನನಗೆ ಹೇಳಿದ. ಅಣ್ಣ ಬಂದು ಮುಟ್ಟಿದಾಗ ಏಳು ಗಂಟೆ ಹನ್ನೊಂದು ನಿಮಿಷ.

"ಕಾರ್ಡ್ ಕೊಡ್ರಿ ಮನ್ಮಥಣ್ಣ, ಏಳಂತ ಬರೀತೇನಿ. ಇಲ್ಲಿ ಯಾರು ನೋಡ್ಯಾರ?"

"ಬ್ಯಾಡ ಖಾಲಿದ. ಖೋಟಾ ಠಸ್ಸಿ ಇಟ್ಕೊಂಡು ಅಷ್ಟ ದೂರ ಹ್ಯಾಂಗ ತುಳೀಲಿ?"

ಖಾಲಿದ ಅಲ್ಲೇ ಅತ್ತನಂತೆ. ಅಣ್ಣ ಸೈಕಲ್ಲನ್ನು ಬಸ್ಸಿನ ಮೇಲೆ ಏರಿಸಿ, ಟಿಕೀಟು ತೆಗೆದು, ಜನರ ನಡುವೆ ಕೂತು ಬೀದರಿಗೆ ಹೋದ. ಕೇಳಿದವರಿಗೆಲ್ಲ ಮಂಡಿ ಕೈಕೊಟ್ಟಿತು ಎಂದ. ನನ್ನ ಹೆಸರು ಎಲ್ಲೂ ಎತ್ತಲಿಲ್ಲ. ನವೆಂಬರಿನಲ್ಲಿ ಆಪರೇಶನ್ ಆಯಿತು. ಈಗ ಕೋಲು ಹಿಡಿದು ಓಣಿಯ ತುದಿಯವರೆಗೆ ನಡೆಯುತ್ತಾನೆ, ಅಷ್ಟೇ. ಸೈಕಲ್ಲನ್ನು ಖಾಲಿದನಿಗೆ ಕೊಟ್ಟುಬಿಟ್ಟ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಶಾಲೆಯವರು ನನಗೆ ಹೇಳುತ್ತಾರೆ. ನಾನೇ ಹಲಗೆಯ ಮೇಲೆ ನೂರು ಸಲ ಬರೆಸಿದ ಮಾತು. ಈಗ ಅದನ್ನು ಕೇಳಿದರೆ ಮೈ ಉರಿಯುತ್ತದೆ.

ಮರುವರ್ಷ ನಾಗರಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಬಸ್ಸಿನಲ್ಲಿ ಬಂದ. ಕೋಲು ಬಾಗಿಲ ಹಿಂದಿಟ್ಟು ಉಂಡ, ಊಟದ ರುಚಿ ಹೊಗಳಿದ. ಹೊರಡಲು ಇನ್ನೂ ಎರಡು ತಾಸಿತ್ತು. ನಾನು ಚಾಪೆ ಹಾಸಿದೆ. ಅವನು ಗೋಡೆಗೆ ಒರಗಿ ಕೂತೇ ಇದ್ದ. ನಿದ್ದೆಗೆ ಕಣ್ಣು ಎಳೆಯುತ್ತಿತ್ತು.

"ಒಂದೀಟು ಅಡ್ಡಾಗಣ್ಣ. ನಾ ಎಬ್ಬಸ್ತೇನಿ" ಎಂದೆ.

"ಬ್ಯಾಡವ್ವ," ಎಂದ ಮೆಲ್ಲಗೆ, "ನಿನ್ನ ಮನ್ಯಾಗ ನಂಗ ನಿದ್ದಿ ಬರಂಗಿಲ್ಲ."