ಭೀಮಶಾನ ಬಿಡುಗಡೆ ದಿನ

ನಾನು ವಾಡಿಯ ಹೈಸ್ಕೂಲಿನಲ್ಲಿ ಗಣಿತ ಟೀಚರಾಗಿದ್ದು ನಿವೃತ್ತಿಯಾದ ವರ್ಷದ ಮಾತಿದು. ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಈ ಸುತ್ತಮುತ್ತ ಯಾರೂ ಇಲ್ಲ ಎನ್ನುವ ಸೊಕ್ಕು ನನಗಿತ್ತು. ಈಗಲೂ ಪೂರ್ತಿ ಹೋಗಿಲ್ಲ ಬಿಡಿ.

ಒಂದು ಬೆಳಿಗ್ಗೆ ರಾವೂರದ ಮಲ್ಲಮ್ಮ ಮನೆಗೆ ಬಂದಳು. ಅವಳ ಮಗಳು ಸವಿತಾ ನನ್ನ ಹಳೇ ವಿದ್ಯಾರ್ಥಿನಿ. ಮಲ್ಲಮ್ಮನ ಗಂಡ ಭೀಮಶಾ ಕಲ್ಲಿನ ಖಣಿಯಲ್ಲಿ ನಡೆದ ಹೊಡೆದಾಟಕ್ಕೆ ಮೂರು ವರ್ಷ ಶಿಕ್ಷೆಯಾಗಿ ಕಲಬುರಗಿಯ ಜೈಲಿನಲ್ಲಿದ್ದ.

"ಟೀಚರ್, ಚಲೋ ನಡತಿಗಿ ತಿಂಗಳಿಗಿಷ್ಟು ದಿನ ಮಾಫಿ ಕೊಡ್ತಾರಂತ. ಅದೆಲ್ಲಾ ಕಳದ್ರ ಅಂವ ಯಾವತ್ತ ಹೊರಗ ಬರ್ತಾನ, ಜರಾ ಲೆಕ್ಕ ಹಾಕಿ ಹೇಳ್ರಿ. ಸವಿತಾನ ಲಗ್ನ ಇಡಾಕತ್ತೀವಿ. ಅಪ್ಪ ಇಲ್ದ ಅಕ್ಷತಿ ಬೀಳಬಾರ್ದಂತ ಹಟ ಹಿಡದಾಳ. ಅವಗ ಮಾತ್ರ ಏನೂ ಹೇಳಿಲ್ರಿ. ಬಂದು ನೋಡಿ ಖುಷಿ ಪಡ್ಲಿ."

ಇದೇನು ಮಹಾ! ಚಹಾ ಆರುವುದರೊಳಗೆ ಲೆಕ್ಕ ಮುಗಿಸಿ, ಕ್ಯಾಲೆಂಡರಿನಲ್ಲಿ ಒಂದು ತಾರೀಖಿಗೆ ಗುಂಡಗೆ ಸುತ್ತು ಹಾಕಿಕೊಟ್ಟೆ. ಅದರ ನಾಲ್ಕನೇ ದಿನಕ್ಕೆ ಮುಹೂರ್ತ ಇಟ್ಟರು. ಗಂಡಿನವರು ಚಿಂಚೋಳಿ ತಾಲ್ಲೂಕಿನ ಐನಾಪುರದವರು. ಕಾರ್ಡು ಹಂಚಿಯೂ ಆಯಿತು.

ನಾನು ಸುತ್ತು ಹಾಕಿದ ದಿನ ಅವನನ್ನು ಕರೆತರಲು ಮಲ್ಲಮ್ಮನ ಜೊತೆ ನಾನೂ ಹೋದೆ. ಅವಳ ಚೀಲದಲ್ಲಿ ಗಂಡನಿಗೆ ಹೊಸ ಅಂಗಿ, ಧೋತ್ರ. ಗೇಟಿನಲ್ಲಿದ್ದವನು, "ಇವತ್ತು ಯಾರ್ದೂ ಬಿಡುಗಡೆ ಇಲ್ರಿ," ಎಂದ. ನಾನು ಜೋರು ಮಾಡಿದೆ. ಅವನು ತಣ್ಣಗೆ, "ಭೇಟಿ ಆಗ್ರಿ, ಅವನ್ನೇ ಕೇಳ್ರಿ," ಎಂದ.

ಜಾಲರಿಯ ಆಚೆ ಬಂದು ನಿಂತ ಭೀಮಶಾ ನನ್ನನ್ನು ನೋಡಿ ಗಾಬರಿಯಾದ. ವಿಷಯ ಹೇಳಿದೆವು.

"ಟೀಚರ್, ಇನ್ನ ಮೂವತ್ತೊಂದು ದಿನ ಅವ," ಎಂದ ಥಟ್ಟನೆ. "ತೀರ್ಪಿಗಿಂತ ಮೊದ್ಲ ಎಂಟು ತಿಂಗಳ ಒಳಗಿದ್ನೆಲ್ರಿ? ಅದು ಶಿಕ್ಷಾದಾಗ ಹಿಡೀತಾರ, ಆದ್ರ ಅದಕ್ಕ ಮಾಫಿ ಇಲ್ರಿ."

ನಾನು ಆ ಎಂಟು ತಿಂಗಳಿಗೂ ಮಾಫಿ ಕಳೆದುಬಿಟ್ಟಿದ್ದೆ! ಮಲ್ಲಮ್ಮ ಗೋಡೆಗೆ ಒರಗಿ ಕುಂತುಬಿಟ್ಟಳು. ಭೀಮಶಾ ಜಾಲರಿ ಹಿಡಿದುಕೊಂಡು, "ಲಗ್ನ ನಿಲ್ಲಸಬ್ಯಾಡ್ರಿ. ನಾ ಇಲ್ಲಿಂದನೇ ಅಕ್ಷತಿ ಹಾಕ್ತೀನಿ," ಎಂದ. ನನಗೆ ಅವನ ಮುಖ ನೋಡಲಾಗಲಿಲ್ಲ.

ತಪ್ಪು ಮಾಡಿದವಳು ನಾನು, ತಿದ್ದುವವಳೂ ನಾನೇ. ಮಲ್ಲಮ್ಮನನ್ನು ವಾಡಿ ಗಾಡಿಗೆ ಹತ್ತಿಸಿ, ನಾನು ಚಿಂಚೋಳಿ ಬಸ್ಸು ಹಿಡಿದೆ. ಐನಾಪುರದಲ್ಲಿ ಗಂಡಿನ ತಾಯಿಗೆ ಎಲ್ಲ ಬಿಚ್ಚಿ ಹೇಳಿ, "ಹುಡುಗಿ ಕಡೆಯವರದು ಏನೂ ತಪ್ಪಿಲ್ಲ. ಲೆಕ್ಕ ತಪ್ಪಿದ್ದು ನಂದು," ಎಂದೆ.

ಆಕೆ ಒಂದು ತಂಬಿಗೆ ನೀರು ತಂದಿಟ್ಟು, "ಕುಂದ್ರಿ ಟೀಚರ್, ನೀರು ಕುಡೀರಿ. ಲಗ್ನ ಮುಂದ ಹಾಕೋಣು. ನಮ್ಮ ಬೀಗರು ಹಂದರದಾಗ ಇರ್ಬೇಕು, ಜೈಲಿನಾಗಲ್ಲ," ಎಂದರು. ಆಮೇಲೆ ನಗುತ್ತಾ, "ಈ ಸಲ ಲೆಕ್ಕ ಯಾರು ಹಾಕ್ಯಾರ?" ಎಂದು ಕೇಳಿದರು.

"ಭೀಮಶಾನೇ ಹಾಕ್ಯಾನ," ಎಂದೆ.

ಹೇಳಿದ ದಿನಕ್ಕೇ ಭೀಮಶಾ ಹೊರಬಂದ. ಲಗ್ನದಲ್ಲಿ ಮಗಳ ತಲೆ ಮೇಲೆ ತಾನೇ ಅಕ್ಷತೆ ಹಾಕಿದ. ಊಟವಾದ ಮೇಲೆ ನಾನೇ ಹತ್ತಿರ ಹೋಗಿ, "ತಪ್ಪಾಯ್ತಪ್ಪಾ," ಎಂದೆ.

"ಇರ್ಲಿ ಬಿಡ್ರಿ ಟೀಚರ್. ನನಗ ಒಂದ್ ಮಾತು ಕೇಳಿದ್ರ ಆವತ್ತೇ ಹೇಳ್ತಿದ್ದೆ. ಒಳಗ ದಿನಾ ಎದ್ದ ಕೂಡ್ಲೇ ಮಾಡೂ ಲೆಕ್ಕ ಅದೊಂದೇ ಇತ್ರಿ," ಎಂದ.

ಮೂವತ್ತು ವರ್ಷ ಲೆಕ್ಕ ಕಲಿಸಿದ ನನಗೆ, ಒಳಗೆ ಕುಳಿತು ದಿನ ಎಣಿಸುತ್ತಿದ್ದವನನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ನೆನೆದಾಗಲೆಲ್ಲ ಇವತ್ತಿಗೂ ನಾಚಿಕೆಯಾಗುತ್ತದೆ.