ನಾಲ್ವರ ಕಾರು, ನಲವತ್ತು ಜನರ ಬಸ್ಸು

ಅಕ್ಕ ಚಿಕಿತ್ಸೆಗೆಂದು ತಿರುವನಂತಪುರದ ನಮ್ಮ ಮನೆಗೆ ಬಂದಾಗ ಅವಳಿಗೆ ನಲವತ್ತೊಂದು ವರ್ಷ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಗಂಡ ಕೇಂದ್ರ ಸರ್ಕಾರದ ಸಂಸ್ಥೆಯೊಂದರಲ್ಲಿ ಎಂಜಿನಿಯರ್. ನಾವು ಮೈಸೂರು ಬಿಟ್ಟು ನಾಲ್ಕು ವರ್ಷವಾಗಿತ್ತು. ಅಕ್ಕ ಮೈಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಳು. ಭಾವ ತೀರಿಕೊಂಡು ಆಗಲೇ ಆರು ವರ್ಷ. ಇದ್ದವಳು ಒಬ್ಬಳೇ ಮಗಳು, ಹೈಸ್ಕೂಲು ಓದುತ್ತಿದ್ದಳು. ಅವಳನ್ನು ತನ್ನ ಶಾಲೆಯ ಟೀಚರೊಬ್ಬರ ಮನೆಯಲ್ಲಿ ಬಿಟ್ಟು ಬಂದಿದ್ದಳು.

ಅಕ್ಕನ ಕತ್ತಿನ ಎಡಗಡೆ ಒಂದು ಗಂಟು ಎದ್ದಿತ್ತು. ಅದಕ್ಕೆ ಕರೆಂಟ್ ಕೊಡಬೇಕು ಎಂದರು. ರೇಡಿಯೇಶನ್ನಿಗೆ ಆಗ ಎಲ್ಲರೂ ಹಾಗೇ ಹೇಳುತ್ತಿದ್ದುದು, ಕರೆಂಟ್ ಕೊಡುವುದು ಎಂದು. ಕಾಯಿಲೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಎಲ್ಲಿ ಕೊಡಬೇಕೆಂದು ಗುರುತಿಗಾಗಿ ಆಸ್ಪತ್ರೆಯವರು ಅವಳ ಕತ್ತಿನ ಮೇಲೆ ನೇರಳೆ ಶಾಯಿಯಲ್ಲಿ ಗೆರೆ ಎಳೆದಿದ್ದರು. ಸ್ನಾನ ಮಾಡುವಾಗ ಅದು ಅಳಿಸದಂತೆ ನೋಡಿಕೊಳ್ಳಬೇಕಿತ್ತು. ದಿನ ಕಳೆದಂತೆ ಅಲ್ಲಿನ ಚರ್ಮ ಸುಟ್ಟ ಹಾಗೆ ಕಪ್ಪಾಯಿತು. ಅಕ್ಕ ಸೆರಗನ್ನು ಕತ್ತಿನ ಸುತ್ತ ಹೊದ್ದುಕೊಳ್ಳಲು ಕಲಿತಳು.

ಮೂವತ್ತು ಸಲ ಕೊಡಬೇಕು ಎಂದಿದ್ದರು. ಹದಿನೆಂಟನೆಯದು ಮುಗಿದ ದಿನ ಡಾಕ್ಟರು ನನ್ನನ್ನು ಮಾತ್ರ ಒಳಗೆ ಕರೆದರು. ಶ್ವಾಸಕೋಶಕ್ಕೂ ಹರಡಿದೆ, ಇನ್ನು ಹಿಂಸೆ ಕೊಡುವುದರಲ್ಲಿ ಅರ್ಥವಿಲ್ಲ, ಮೂರು ತಿಂಗಳೋ ನಾಲ್ಕೋ, ಊರಿಗೆ ಕರೆದುಕೊಂಡು ಹೋಗಿ ಎಂದರು. ನಾನು ಹೊರಗೆ ಬಂದೆ. ಅಕ್ಕ ಬೆಂಚಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇನ್ನು ಬೇಡವಂತೆ ಅಕ್ಕ," ಎಂದೆ. "ನಿನಗೆ ಔಷಧಿ ಬೇಗ ಹಿಡಿಸಿಬಿಟ್ಟಿದೆಯಂತೆ. ಹದಿನೆಂಟೇ ಸಾಕಂತೆ."

ಆ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಮುಂಚೆ ಯೋಚಿಸಿರಲಿಲ್ಲ. ಅವಳು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು. ಮನೆಗೆ ಬಂದವಳೇ ಮಗಳಿಗೆ ಕಾಗದ ಬರೆದಳು, ವಾಸಿಯಾಯಿತು ಎಂದು. ಅದನ್ನು ಅಂಚೆಗೆ ಹಾಕಿದವಳು ನಾನೇ.

ಅಲ್ಲಿಂದ ಹನ್ನೊಂದು ದಿನ ಏನೇನೋ ನೆಪ ಹೇಳಿ ಅವಳನ್ನು ಇಟ್ಟುಕೊಂಡೆ. ನಿನಗೆ ಶಕ್ತಿ ಬರಲಿ, ಕತ್ತಿನ ಗಾಯ ಒಣಗಲಿ ಎಂದೆ. ನಿಜ ಹೇಳಿ ರೈಲು ಹತ್ತಿಸುವ ಧೈರ್ಯ ನನಗಿರಲಿಲ್ಲ. ಸುಳ್ಳು ಹೇಳಿ ಹತ್ತಿಸುವುದೂ ಆಗುತ್ತಿರಲಿಲ್ಲ. "ಈಗಲೇ ಹೇಳಬೇಡ, ಸ್ವಲ್ಪ ಗಟ್ಟಿಯಾಗಲಿ," ಎಂದರು ನನ್ನ ಗಂಡ. ಅಕ್ಕ ಗಟ್ಟಿಯಾಗುವವಳಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಹನ್ನೊಂದನೆಯ ದಿನ ಅವಳೇ, "ಇಷ್ಟು ದೂರ ಬಂದು ಕೊಚ್ಚಿ ನೋಡದೆ ಹೋಗೋದೇನೇ?" ಎಂದಳು. ನನಗೆ ಅದೂ ಒಂದು ನೆಪವಾಯಿತು.

ಎರ್ನಾಕುಲಂನಲ್ಲಿ ಬೋಟ್ ಜೆಟ್ಟಿಯ ಹತ್ತಿರದ ಲಾಡ್ಜಿನಲ್ಲಿ ಇಳಿದೆವು. ಒಂದು ದಿನದಲ್ಲಿ ಊರು ತೋರಿಸಿ ತರುವುದಕ್ಕೆ ಎರಡು ಏರ್ಪಾಟು ಇತ್ತು. ನಲವತ್ತು ಸೀಟಿನ ದೊಡ್ಡ ಬಸ್ಸು, ಜೊತೆಗೆ ಗೈಡು, ಎಲ್ಲ ಕಡೆಯೂ ಗಡಿಯಾರ ನೋಡಿ ನಿಲ್ಲಿಸುವುದು. ಇಲ್ಲವಾದರೆ ಅಂಬಾಸಿಡರ್ ಕಾರು. ಕೊಯಮತ್ತೂರಿನಿಂದ ಬಂದಿದ್ದ ವಯಸ್ಸಾದ ದಂಪತಿಗಳ ಜೊತೆ ನಾವಿಬ್ಬರೂ ಸೇರಿಕೊಳ್ಳಬಹುದಿತ್ತು. "ಬಸ್ಸೋ ಕಾರೋ, ಚೇಚೀ?" ಎಂದು ಲಾಡ್ಜಿನ ಮ್ಯಾನೇಜರು ಕೇಳಿದ. ಅಲ್ಲಿ ಅಕ್ಕನನ್ನೂ ಚೇಚಿ ಎನ್ನುತ್ತಾರೆ, ಗುರುತಿಲ್ಲದ ಹೆಂಗಸನ್ನೂ ಚೇಚಿ ಎನ್ನುತ್ತಾರೆ.

"ಬಸ್ಸಲ್ಲೇ ಹೋಗೋಣ ಕಣೇ," ಎಂದಳು ಅಕ್ಕ. "ಅಷ್ಟು ಜನರಲ್ಲಿ ಯಾರು ಯಾರನ್ನ ನೋಡ್ತಾರೆ? ಕಾರಲ್ಲಾದ್ರೆ ಒತ್ತಿಕೊಂಡು ಕೂತಿರ್ತಾರೆ. ಊರು ಯಾವುದು, ಯಜಮಾನರು ಏನ್ಮಾಡ್ತಾರೆ, ಕತ್ತಿಗೇನಾಯ್ತು ಅಂತ ಕೇಳ್ತಾನೇ ಇರ್ತಾರೆ."

"ಬಸ್ಸು ನಿನಗೋಸ್ಕರ ಕಾಯಲ್ಲ ಅಕ್ಕ. ಸುಸ್ತಾದ್ರೆ ಏನ್ಮಾಡ್ತೀಯ?"

"ವಾಸಿಯಾಗಿದೆ ಅಂತೀಯ. ಮತ್ತೆ ಸುಸ್ತು ಯಾಕಾಗುತ್ತೆ?"

ಕೆಳಗೆ ಹೋಗಿ ಕಾರು ಹೇಳಿಬಂದೆ.

ಬೆಳಿಗ್ಗೆ ಕೊಯಮತ್ತೂರಿನ ಯಜಮಾನರು ಡ್ರೈವರ್ ಪಕ್ಕ ಕೂತರು. ಹಿಂದೆ ನಾವು ಮೂವರು ಹೆಂಗಸರು. ಅವರ ಹೆಂಡತಿಗೆ ಕಾರಿನಲ್ಲಿ ವಾಕರಿಕೆ ಬರುತ್ತದೆಂದು ಎಡಗಡೆಯ ಕಿಟಕಿ ಬಿಟ್ಟುಕೊಟ್ಟೆವು. ಅಕ್ಕ ನಡುವೆ ಕೂತಳು. ಆಕೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ನರ್ಸಾಗಿದ್ದವರಂತೆ. ನಾವು ಮಾತಾಡುವುದು ಕೇಳಿ, ತಮಿಳಿನ ಎಳೆತವಿದ್ದರೂ ಸಲೀಸಾದ ಕನ್ನಡದಲ್ಲಿ ಮಾತಿಗಿಳಿದರು. ಇಷ್ಟು ದೂರದ ಊರಲ್ಲಿ ಕನ್ನಡ ಕೇಳಿ ಅಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ, ಯಾರೂ ಏನೂ ಕೇಳಬಾರದೆಂದು ಹಿಂದಿನ ದಿನ ಹೇಳಿದ್ದನ್ನೇ ಮರೆತಳು. ಮಗಳ ವಿಷಯ ಹೇಳಿದಳು, ಶಾಲೆಯ ವಿಷಯ ಹೇಳಿದಳು. ಸೇತುವೆಯ ಮೇಲೆ ಹಿನ್ನೀರಿನ ಗಾಳಿ ಜೋರಾಗಿ ಬೀಸಿ ಅವಳ ಸೆರಗು ಜಾರಿತು.

"ಕತ್ತಿಗೆ ಕರೆಂಟ್ ಕೊಟ್ಟಿದ್ದಾರಲ್ಲಮ್ಮ," ಎಂದರು ಆಕೆ.

"ಹೌದು. ಈಗ ವಾಸಿಯಾಯ್ತು."

"ಎಷ್ಟು ಸಲ ಕೊಟ್ಟರು?"

"ಮೂವತ್ತು ಅಂದಿದ್ರು. ಬೇಗ ಹಿಡೀತು ಅಂತ ಹದಿನೆಂಟಕ್ಕೇ ನಿಲ್ಲಿಸಿಬಿಟ್ರು."

ನಾನು ಆಕೆಯ ಕಡೆ ನೋಡಿ ಬೇಡವೆಂದು ತಲೆ ಅಲ್ಲಾಡಿಸಿದೆ. ಆಕೆ ನನ್ನನ್ನು ನೋಡುತ್ತಿರಲಿಲ್ಲ, ಅಕ್ಕನ ಕತ್ತನ್ನು ನೋಡುತ್ತಿದ್ದರು.

"ಹಿಡಿದರೆ ಯಾರೂ ನಿಲ್ಲಿಸಲ್ಲಮ್ಮ," ಎಂದರು ಮೆಲ್ಲಗೆ. "ಹಿಡಿದರೆ ಪೂರಾ ಕೊಡ್ತಾರೆ. ಅರ್ಧಕ್ಕೆ ನಿಲ್ಲಿಸೋದು..." ಅಷ್ಟು ಹೊತ್ತಿಗೆ ನನ್ನ ಮುಖ ನೋಡಿದರು, ಮಾತು ನಿಲ್ಲಿಸಿದರು.

ಅಕ್ಕ ನನ್ನ ಕಡೆ ತಿರುಗಿದಳು. "ಹೌದೇನೇ?"

ಅಲ್ಲ ಎನ್ನಬಹುದಿತ್ತು, ಹೌದು ಎನ್ನಬಹುದಿತ್ತು. ನಾನು ಎರಡೂ ಅನ್ನಲಿಲ್ಲ. ಅವಳು ಸೆರಗನ್ನು ಎಳೆದು ಹೊದ್ದುಕೊಂಡು ಮುಂದಿನ ಗಾಜನ್ನು ನೋಡುತ್ತಾ ಕೂತಳು. ಮುಂದೆ ಕೂತಿದ್ದ ಯಜಮಾನರಿಗೆ ಕನ್ನಡ ಬಾರದು. ಅವರು ಅದು ಹಾರ್ಬರು, ಇದು ಹಡಗು ಎಂದು ಹೆಂಡತಿಗೆ ತೋರಿಸುತ್ತಲೇ ಇದ್ದರು.

ಮಟ್ಟಾಂಚೇರಿಯಲ್ಲಿ ಕಾರು ನಿಂತಿತು. ದಂಪತಿಗಳು ಅರಮನೆ ನೋಡಲು ಹೋದರು. ಡ್ರೈವರ್ ಶುಂಠಿ ಮಂಡಿಯೊಂದರ ನೆರಳಿಗೆ ಹೋಗಿ ಬೀಡಿ ಹಚ್ಚಿದ. ಒಣಶುಂಠಿಯ ಘಾಟು ಕಾರಿನೊಳಗೂ ತುಂಬಿತ್ತು. ಅಕ್ಕ ಇಳಿಯಲಿಲ್ಲ.

"ಡಾಕ್ಟರು ಎಷ್ಟು ದಿನ ಅಂದ್ರು?"

"ಮೂರು ತಿಂಗಳು. ನಾಲ್ಕು ಇರಬಹುದು."

"ಯಾವತ್ತು ಹೇಳಿದ್ದು?"

"ಅವತ್ತೇ."

ಅವಳು ಬೆರಳು ಮಡಿಸಿ ಎಣಿಸಿದಳು. ಇವತ್ತಿನದೂ ಸೇರಿ ಹದಿಮೂರು. "ಹದಿಮೂರು ದಿನ ನನ್ನ ಮಗಳ ಹತ್ರ ಇರಬಹುದಾಗಿತ್ತು," ಎಂದಳು. ಮಡಿಸಿದ ಬೆರಳು ಬಿಡಿಸುತ್ತಾ, "ಆ ಕಾಗದ ಓದಿ ಅವಳು ಕುಣಿದಾಡಿರ್ತಾಳೆ ಕಣೇ," ಎಂದಳು. ಜೋರಾಗಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ.

ವಾಪಸು ಬಂದ ಆಕೆ ಕಾರಿನ ಬಾಗಿಲ ಹತ್ತಿರ ನಿಂತು, "ತಪ್ಪಾಯ್ತಮ್ಮ, ನಾನು ಬಾಯಿ ಬಿಡಬಾರದಿತ್ತು," ಎಂದು ಕಣ್ಣೊರೆಸಿಕೊಂಡರು.

"ನೀವಾದರೂ ಹೇಳಿದಿರಲ್ಲ," ಎಂದಳು ಅಕ್ಕ.

ಆಮೇಲೆ ಫೋರ್ಟ್ ಕೊಚ್ಚಿಗೆ ಹೋದೆವು, ಎಲ್ಲೆಲ್ಲಿಗೋ ಹೋದೆವು. ನಾಲ್ಕೇ ಜನರಿದ್ದ ಆ ಕಾರಿನಲ್ಲಿ ಎಲ್ಲೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಅಕ್ಕ ನಡುವೆ, ಅತ್ತ ಆಕೆ, ಇತ್ತ ನಾನು, ಮೂವರೂ ಒತ್ತಿಕೊಂಡು ಕೂತಿದ್ದೆವು. ಅಕ್ಕನಿಗೆ ಸುಸ್ತಾಯಿತೆಂದು ಡ್ರೈವರ್ ಎರಡು ಕಡೆ ಪ್ರತ್ಯೇಕ ನಿಲ್ಲಿಸಿದ. ಕಾರು ಬೇಕೆಂದಿದ್ದು ಅದಕ್ಕಾಗಿಯೇ ತಾನೆ.

ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಅಕ್ಕ ಸೀರೆಯುಟ್ಟು ತಯಾರಾಗಿದ್ದಳು. ರೈಲು ಮರುದಿನಕ್ಕಿತ್ತು. "ಇವತ್ತು ಬಸ್ಸಲ್ಲಿ ಹೋಗ್ತೀನಿ," ಎಂದಳು. "ನಾನೊಬ್ಬಳೇ."

"ಒಬ್ಬಳೇ ಹೇಗೆ ಹೋಗ್ತೀಯ ಅಕ್ಕ?"

"ನೀನು ಬರಬೇಡ. ಇಷ್ಟು ಮಾಡು."

ಬಸ್ಸು ನಿಲ್ಲುವ ಜಾಗದವರೆಗೆ ಹಿಂದೆಯೇ ಹೋದೆ. ಅವಳು ಹಿಂದಿನ ಸಾಲಿನ ಕಿಟಕಿಯಲ್ಲಿ ಕೂತಳು. ಯಾವುದೋ ಕಾಲೇಜಿನ ಹುಡುಗಿಯರು ಗಲಾಟೆ ಮಾಡುತ್ತಾ ಸುತ್ತಲ ಸೀಟುಗಳನ್ನೆಲ್ಲ ತುಂಬಿಕೊಂಡರು. ಬಸ್ಸು ಹೊರಟಾಗ ಅವಳು ಈಚೆ ನೋಡಲಿಲ್ಲ. ಇಡೀ ದಿನ ಜೆಟ್ಟಿಯ ಬಳಿಯ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಅವಳು ಎಲ್ಲಾದರೂ ಬಿದ್ದುಬಿಟ್ಟರೆ ಯಾರಿಗೆ ಗೊತ್ತಾಗಬೇಕು, ಭಾಷೆ ಬಾರದ ಊರು. ಕೆಟ್ಟದ್ದೇನು ಯೋಚಿಸಬಹುದೋ ಎಲ್ಲ ಯೋಚಿಸಿದೆ.

ಐದು ಗಂಟೆಗೆ ಬಸ್ಸು ಬಂತು. ಎಲ್ಲರೂ ಇಳಿದ ಮೇಲೆ ಸೀಟುಗಳನ್ನು ಹಿಡಿದುಕೊಂಡು ಇಳಿದಳು. ಮುಖ ಬಾಡಿತ್ತು, ಕಣ್ಣು ಊದಿತ್ತು.

"ಯಾರೂ ಒಂದು ಮಾತೂ ಕೇಳಲಿಲ್ಲ," ಎಂದಳು. "ಗೈಡು ಪ್ರತಿ ಸಲ ತಲೆ ಎಣಿಸ್ತಿದ್ದ. ನಾನು ಮೂವತ್ತೊಂಬತ್ತನೆಯವಳು. ದಡದಲ್ಲಿ ಮೀನಿನ ಬಲೆ ಹಾಕಿರ್ತಾರಲ್ಲ, ಅಲ್ಲಿ ನೀರಿನ ಕಡೆ ಮುಖ ಮಾಡ್ಕೊಂಡು ಸಾಕಾಗುವಷ್ಟು ಅತ್ತೆ. ಒಬ್ಬರೂ ತಿರುಗಿ ನೋಡಲಿಲ್ಲ. ಅದಕ್ಕೇ ನಾನು ಬಸ್ಸು ಅಂದಿದ್ದು."

ತಿರುವನಂತಪುರಕ್ಕೆ ಬಂದ ಎರಡನೆಯ ದಿನವೇ ಮೈಸೂರಿಗೆ ಹೊರಟೆವು. ಮಗಳನ್ನು ಹತ್ತಿರ ಕೂರಿಸಿಕೊಂಡು ಅಕ್ಕ ಎಲ್ಲವನ್ನೂ ತಾನೇ ಹೇಳಿದಳು. ನಾನು ಅಡಿಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಹುಡುಗಿಯನ್ನು ನಾವು ಸಾಕಿಕೊಳ್ಳುತ್ತೇವೆಂದು ನಾನೂ ನನ್ನ ಗಂಡನೂ ಮೊದಲೇ ಮಾತಾಡಿಕೊಂಡಿದ್ದೆವು. ಅದನ್ನು ಹೇಳಿದಾಗ ಅಕ್ಕ ಬೇಡವೆಂದಳು. ಅವಳು ಆ ಟೀಚರ ಮನೆಯಲ್ಲೇ ಇರಲಿ ಎಂದಳು.

"ನಿನ್ನ ಮೇಲೆ ಸಿಟ್ಟಿಲ್ಲ. ನಿನಗೆ ನನ್ನ ಮೇಲೆ ಪ್ರೀತಿ ಇದೆ, ಗೊತ್ತು. ಆದರೆ ಅವಳಿಗೆ ಇದ್ದದ್ದನ್ನ ಇದ್ದ ಹಾಗೆ ಹೇಳೋರ ಮನೆ ಬೇಕು ಕಣೇ."

ಮೈಸೂರಿಗೆ ಬಂದು ಎರಡು ತಿಂಗಳಿಗೆ ನಾಲ್ಕು ದಿನ ಕಡಿಮೆ ಇರುವಾಗ ಅಕ್ಕ ಹೋದಳು. ಕಡೆಯ ವಾರ ಅವಳಿಗೆ ಮಾತಾಡಲು ಆಗುತ್ತಿರಲಿಲ್ಲ. ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದಳು, ಮಗಳಿಗೆ ಮಾತ್ರ.

ಆ ಹುಡುಗಿ ಬಿ.ಎಸ್ಸಿ. ಮುಗಿಸಿದ ವರ್ಷ ಒಂದೇ ಒಂದು ಸಲ ನಮ್ಮ ಮನೆಗೆ ಬಂದಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಕೊಚ್ಚಿಯಲ್ಲಿ ಏನಾಯಿತೆಂದು ಕೇಳಿದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಅವಳಮ್ಮನಿಗೆ ನಾನು ಹೇಳಿದ ಮಾತಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳು ಸಮಾಧಾನವನ್ನೇನೂ ಹೇಳಲಿಲ್ಲ. ಹೇಳಬೇಕಾದ ಕಾರಣವೂ ಇರಲಿಲ್ಲ.

"ಕಾರಲ್ಲಿದ್ದ ಆ ನರ್ಸಮ್ಮನ ಹೆಸರೇನು?" ಎಂದಷ್ಟೇ ಕೇಳಿದಳು.

"ಗೊತ್ತಿಲ್ಲ. ನಾನು ಕೇಳಲಿಲ್ಲ."

"ಕೇಳಬೇಕಾಗಿತ್ತು ಚಿಕ್ಕಮ್ಮ," ಎಂದು ಎದ್ದು ಹೋಗಿ ಬಟ್ಟೆ ಮಡಿಸಿ ಪೆಟ್ಟಿಗೆಗೆ ಇಟ್ಟುಕೊಳ್ಳತೊಡಗಿದಳು.